ಎಲೆತೋಟದ ಹೊರಗಿನ ಕಲ್ಲು

ಸವಣೂರಿನಲ್ಲಿ ನನ್ನನ್ನು ಮೊದಲು ಮಾತನಾಡಿಸಿದ ಹೆಂಗಸು ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಎಲೆತೋಟದ ಬಾಗಿಲಿಗೆ ಅಡ್ಡ ನಿಂತು, ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡೇ, "ಕಡಿಗೆ ಆಗೀಯೇನ ತಂಗಿ?" ಎಂದಳು. ನನಗೆ ಅರ್ಥವಾಗಲಿಲ್ಲ. ನನ್ನ ಪೆಟ್ಟಿಗೆ ಇಳಿಸುತ್ತಿದ್ದ ಆಟೋದವನು ಮಾತ್ರ ಥಟ್ಟನೆ ಬೇರೆ ಕಡೆ ನೋಡಿದ. ಆಕೆ ಕಿವುಡರಿಗೆ ಹೇಳುವ ದನಿಯಲ್ಲಿ ಬಿಡಿಸಿ ಹೇಳಿದಳು: "ತಿಂಗಳದ್ದು ಬಂದೈತೇನು ಅಂತ ಕೇಳಾಕತ್ತೇನಿ. ಬಂದಿದ್ರ ಒಳಗ ಬರಬ್ಯಾಡ. ಬಳ್ಳಿ ತಡಕೊಳ್ಳಂಗಿಲ್ಲ."

ಬಂದಿತ್ತು. ನಡುಬೀದಿಯಲ್ಲಿ, ಆಟೋದವನ ಎದುರಿಗೆ, ಹೌದು ಎಂದು ತಲೆಯಾಡಿಸಿದೆ.

ನಗು ಬರುವ ವಿಷಯವೆಂದರೆ, ನಾನು ಮೈಸೂರಿನಿಂದ ಇಷ್ಟು ದೂರ ಬಂದದ್ದೇ ಹೆಂಗಸರಿಗೆ ಈ ಪ್ರಶ್ನೆ ಕೇಳುವುದಕ್ಕೆ. ನಾನು ನರ್ಸು. ಹೆಣ್ಣುಮಕ್ಕಳ ಬಂಜೆತನದ ಬಗ್ಗೆ ನಡೆಯುತ್ತಿರುವ ಒಂದು ಸಂಶೋಧನೆಗಾಗಿ ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು ಸುತ್ತಿ ಮಾತನಾಡಿಸುವ ಕೆಲಸ. ಬಾಗಿಲು ಮುಚ್ಚಿ, ಕುಡಿಯಲು ನೀರು ಕೊಟ್ಟು, ದನಿ ತಗ್ಗಿಸಿ ಹೇಗೆ ಕೇಳಬೇಕು ಎಂದು ನಮಗೆ ತರಬೇತಿ ಕೊಟ್ಟಿದ್ದರು. ಇಲ್ಲಿ ನೋಡಿದರೆ ನನ್ನ ಸರದಿಯೇ ಮೊದಲು ಬಂತು.

ಕೇಳಿದಾಕೆ ನೀಲವ್ವ. ನಾನು ಬಾಡಿಗೆಗೆ ಹಿಡಿದಿದ್ದ ಕೋಣೆಯ ಒಡತಿ. ಬೀಗದ ಕೈ ಆಕೆಯ ಸೊಂಟದಲ್ಲಿತ್ತು, ಎಲೆ ಕೊಯ್ಯುವುದು ಇನ್ನೂ ಮುಗಿದಿರಲಿಲ್ಲ. ಬೇವಿನ ಮರದ ಕೆಳಗಿದ್ದ ಹಾಸುಗಲ್ಲು ತೋರಿಸಿ ಆಕೆ ಒಳಗೆ ಹೋದಳು. ಕಲ್ಲಿನ ಮೇಲೆ ಆಗಲೇ ಒಬ್ಬಳು ಮೊಣಕಾಲು ಎದೆಗೆ ಒತ್ತಿಕೊಂಡು ಕುಳಿತಿದ್ದಳು. ಹಣೆ ಬೆವರಿತ್ತು, ತುಟಿ ಬಿಳಿಚಿತ್ತು. "ಬರ್ರಿ ಅಕ್ಕಾರ, ಕುಂದರ್ರಿ," ಎಂದು ಸರಿದು ಜಾಗ ಮಾಡಿಕೊಟ್ಟಳು. ನೀಲವ್ವನ ಸೊಸೆ ನಿರ್ಮಲಾ. ಮದುವೆಯಾಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಆ ಕೂರುವ ಭಂಗಿ ನೋಡಿದ ಕೂಡಲೇ ನನಗೆ ತಿಳಿಯಿತು. ಮೈಸೂರಿನ ನನ್ನ ಮಂಚದ ಮೇಲೆ ನಾನೂ ಹಾಗೆಯೇ ಕೂರುತ್ತಿದ್ದೆ.

ನನ್ನ ಕಾಯಿಲೆಯ ಹೆಸರು ಎಂಡೊಮೆಟ್ರಿಯೋಸಿಸ್, ಅವಳದೂ ಅದೇ ಇರಬೇಕು ಅನಿಸಿತು. ಗರ್ಭಕೋಶದ ಒಳಗೋಡೆಯಂಥದೇ ಪದರ ಅದರ ಹೊರಗೆಲ್ಲೋ, ಅಂಡಾಶಯದ ಮೇಲೆ, ಕರುಳಿನ ಪಕ್ಕದಲ್ಲಿ ಬೆಳೆಯುತ್ತದೆ. ಅದೂ ತಿಂಗಳು ತಿಂಗಳು ಕೆರಳುತ್ತದೆ, ಆದರೆ ಅದರ ರಕ್ತ ಹರಿದುಹೋಗಲು ದಾರಿಯಿಲ್ಲ. ಹಾಗಾಗಿ ನೋವು, ಒಳಗೊಳಗೇ ಅಂಟು, ಕೆಲವರಿಗೆ ಮಕ್ಕಳಾಗದಿರುವುದು. ಹೊಟ್ಟೆಗೆ ಸಣ್ಣ ತೂತು ಮಾಡಿ ನೋಡದೆ ಖಚಿತವಾಗಿ ಹೇಳುವುದು ಎಷ್ಟೋ ಸಲ ಕಷ್ಟ. ಬೇಗ, ಸುಲಭವಾಗಿ ಪತ್ತೆ ಹಚ್ಚಬಹುದೇ ಎಂಬುದೇ ನಮ್ಮ ಸಂಶೋಧನೆ. ತನ್ನ ಮನೆ ಬಿಟ್ಟು ಪರವೂರಿನಲ್ಲಿ ನೆಲೆಸಿ ಹಳೇ ಅಭ್ಯಾಸ ಬಿಡದ ಪದರ ಎಂದು ನಮ್ಮ ಡಾಕ್ಟರಮ್ಮ ತಮಾಷೆ ಮಾಡುತ್ತಿದ್ದರು. ಆಗ ನಕ್ಕಿದ್ದೆ.

ಸವಣೂರಿನಲ್ಲಿ ನಾನೂ ಹಾಗೆಯೇ ಆದೆ. ಬೆಳಿಗ್ಗೆ ಎದ್ದರೆ ಹಳೇ ಮಸೀದಿಯ ಬಾಂಗು, ಅದರ ಹಿಂದೆಯೇ ಮಠದ ಗಂಟೆ, ಆಮೇಲೆ ನೀಲವ್ವ ರೊಟ್ಟಿ ಬಡಿಯುವ ಸದ್ದು. ನನ್ನ ಕೈ ಮಾತ್ರ ಮುದ್ದೆ ಕೋಲು ಹುಡುಕುತ್ತಿತ್ತು. ನಮ್ಮಲ್ಲಿ ಖಾರ ಎಂದರೆ ನಾಲಿಗೆಗೆ ಸಂಬಂಧಿಸಿದ್ದು. ಇಲ್ಲಿ ಖಾರ ಎಂದರೆ ಅಂಗಡಿಯಲ್ಲಿ ಪೊಟ್ಟಣ ಕಟ್ಟಿಕೊಡುವ ಕುರುಕಲು ತಿಂಡಿ, ಚಹಾಕ್ಕೆ ಅದಿಲ್ಲದಿದ್ದರೆ ಅತಿಥಿಗೆ ಅವಮಾನ. ಎಲ್ಲಕ್ಕಿಂತ ದೊಡ್ಡ ಜಗಳ ವೀಳ್ಯದೆಲೆಯದು. ವೀಳ್ಯದೆಲೆ ಅಂದರೆ ಮೈಸೂರು ಎಂದು ನಂಬಿ ಬೆಳೆದವಳು ನಾನು. ಅದನ್ನು ಸವಣೂರಿನ ಎಲೆತೋಟದವಳ ಮುಂದೆ ಹೇಳಬಾರದಿತ್ತು. "ನಿಮ್ಮ ಎಲಿ ಮೆತ್ತಗ, ನಿಮ್ಮ ಮಾತಿನಂಗ," ಎಂದಳು ನೀಲವ್ವ. "ಬಾಯಾಗ ಹಾಕ್ಕೊಂಡ್ರೂ ಗೊತ್ತ ಆಗೂದಿಲ್ಲ."

ಕೆಲಸವೂ ಮೊದಮೊದಲು ಕೈಹಿಡಿಯಲಿಲ್ಲ. ನೋವಿನಿಂದ ಕೆಲಸಕ್ಕೆ ತೊಂದರೆ ಆಗುತ್ತದೆಯೇ ಎಂದು ಕೇಳಿದರೆ ಎಲ್ಲ ಊರಿನಲ್ಲೂ ಒಂದೇ ಉತ್ತರ. ಹತ್ತಿಮತ್ತೂರಿನ ಹಿರಿಯಳೊಬ್ಬಳು ನನ್ನನ್ನೇ ಗದರಿದಳು: "ಹೆಣ್ಣಾಗಿ ಹುಟ್ಟಿದ ಮ್ಯಾಲ ಹೊಟ್ಟಿನೋವು ಇರೂದ. ಅದನ್ನೇನ ಕೇಳ್ತೀ, ಚಾ ಕುಡಿ." ಮಾಸೂರಿನಲ್ಲಿ ಮದಗದ ಕೆರೆಯ ಕೆಳಗಿನ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರು ಬಗ್ಗಿದ ಬೆನ್ನು ಎತ್ತದೆಯೇ ಇಲ್ಲರಿ ಎಂದರು. ನಮ್ಮ ಪ್ರಶ್ನೆಯೇ ತಪ್ಪು ಎಂದು ತಿಳಿದದ್ದು ನೀಲವ್ವನ ತೋಟದ ಬಾಗಿಲಲ್ಲಿ. ಆಕೆ ಅಲ್ಲಿ ಕೇಳುತ್ತಿದ್ದುದು ನೋವಿದೆಯೇ ಎಂದಲ್ಲ, ಒಳಗೆ ಬಂದು ಎಲೆ ಕೊಯ್ಯಬಹುದೇ ಎಂದು. ಇಲ್ಲಿ ನೋವಿಗೆ ಲೆಕ್ಕವಿಲ್ಲ, ಬಿಟ್ಟ ಕೆಲಸಕ್ಕೆ ಲೆಕ್ಕವಿದೆ. ಅಂದಿನಿಂದ, "ಕಡಿಗೆ ಆದಾಗ ಯಾವ ಕೆಲಸ ಬಿಟ್ಟಿರಿ? ಅದು ಮುಗಿದ ಮೇಲೂ ಯಾವುದು ಆಗಲಿಲ್ಲ?" ಎಂದು ಕೇಳತೊಡಗಿದೆ. ಬಾಯಿಗಳು ತೆರೆದವು. ಕೊಡ ಎತ್ತಲಾಗದ್ದು, ಬಸ್ಸಿನ ಮೆಟ್ಟಿಲು ಹತ್ತಲಾಗದ್ದು, ಗಂಡನ ಪಕ್ಕ ಮಲಗಲಾಗದ್ದು, ಎಲ್ಲ ಹೊರಬಂತು. ಹಾನಗಲ್ಲಿನ ಒಬ್ಬಳು ಮಾತು ಮುಗಿಸಿ, "ಇದು ರೋಗ ಏನ್ರಿ? ನಾ ನನ್ನ ಸ್ವಭಾವ ಅಂದ್ಕೊಂಡಿದ್ನಿ," ಎಂದಳು. ಆ ಸಂಜೆ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ. ಗೆದ್ದ ಖುಷಿಯಾಗಿತ್ತು.

ಇನ್ನು ನನ್ನ ಕತೆ. ಮೈಸೂರಿನಲ್ಲಿ ನನಗೆ ಮಕ್ಕಳಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ನಾಮಕರಣದ ಕರೆಯೋಲೆ ನನ್ನ ಗಂಡ ರಘುವಿನ ಕೈಗೆ ಮೆಲ್ಲಗೆ ಬರುತ್ತಿತ್ತು, ನಾನು ಒಳಗಿದ್ದಾಗ. ಅದು ನಮ್ಮ ಕಡೆಯ ಸಭ್ಯತೆ. ಇಲ್ಲಿ ಬಸ್ಸಿನ ಕಂಡಕ್ಟರು ಕೂಡ ಚೀಟಿ ಹರಿಯುತ್ತಾ ಮಕ್ಕಳೆಷ್ಟು ಎಂದು ಕೇಳುತ್ತಾನೆ. ಒಂದು ಮುಂಜಾನೆ ನೀಲವ್ವನೂ ಕೇಳಿದಾಗ, ಬಾಯಿ ಮುಚ್ಚಿಸೋಣ ಎಂದೇ ಸಿಡುಕಿದೆ: "ಒಂದಿದೆ. ಇನ್ನೂ ಹುಟ್ಟಿಲ್ಲ. ಮೈಸೂರಿನ ಆಸ್ಪತ್ರೇಲಿ ಥಂಡಿಯಲ್ಲಿ ಇಟ್ಟಿದಾರೆ."

ರೊಟ್ಟಿ ಬಡಿಯುವ ಕೈ ನಿಂತಿತು. "ಥಂಡ್ಯಾಗ?"

"ಹೂಂ. ಮಂಜುಗಡ್ಡೆಗಿಂತ ಥಂಡಿ."

ನೀಲವ್ವ ಒಲೆಯ ಕಟ್ಟಿಗೆ ಒಳಗೆ ನೂಕಿದಳು. "ಹೊದಿಕಿ ಹಾಕ್ಯಾರೇನು?"

ನಕ್ಕೆ. ನಗುತ್ತಾ ನಗುತ್ತಾ ಅಳು ಬಂದು, ನಿಲ್ಲಿಸಲು ಆಗಲಿಲ್ಲ. ಡಾಕ್ಟರುಗಳು ಅದರ ದರ್ಜೆ ಹೇಳಿದ್ದರು, ಬಂಧುಗಳು ಅದರ ಖರ್ಚು ಕೇಳಿದ್ದರು. ಅದಕ್ಕೆ ಚಳಿಯಾಗುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಕಣ್ಣೊರೆಸಿಕೊಂಡು ಎಲ್ಲ ಹೇಳಿದೆ. ನನ್ನ ಅಂಡ ತೆಗೆದು, ರಘುವಿನ ವೀರ್ಯದ ಜೊತೆ ಗಾಜಿನ ತಟ್ಟೆಯಲ್ಲಿ ಸೇರಿಸಿ, ಕೆಲವು ದಿನ ಬೆಳೆಸಿದ ಭ್ರೂಣ ಅದು. ರಾಜಗಿರಿ ಕಾಳಿಗಿಂತ ಸಣ್ಣದು. ಅದರ ಒಡಹುಟ್ಟಿದವು ನನ್ನೊಳಗೆ ನಿಲ್ಲಲಿಲ್ಲ. ಇದೇ ಕೊನೆಯದು. ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆ ಎರಡೂ ಸೇರಿ ನನ್ನ ಅಂಡಾಶಯವನ್ನು ಬರಿದು ಮಾಡಿದ್ದವು, ಇನ್ನೊಂದು ಸಿಗುವುದಿಲ್ಲ. ನೀಲವ್ವ ಎಲ್ಲ ಕೇಳಿ ಒಂದೇ ಮಾತು ಅಂದಳು: "ಮತ್ತ ಅಲ್ಲೇ ಯಾಕ ಬಿಟ್ಟ ಬಂದೀ? ಕರಕೊಂಡ ಬಾ."

ಅಂದಿನಿಂದ ಆಕೆ ದಿನಾ ಸಂಜೆ ದೀಪ ಹಚ್ಚುವಾಗ, "ಮೈಸೂರ ಕೂಸಿಗೆ ಥಂಡಿ ಆಗದಿರಲಿ," ಎಂದು ಒಂದು ಮಾತು ಸೇರಿಸುತ್ತಿದ್ದಳು. ನಾನು ವಿಜ್ಞಾನ ಓದಿದವಳು, ತಿದ್ದಬೇಕಿತ್ತು. ತಿದ್ದಲಿಲ್ಲ. ಮಧ್ಯಾಹ್ನ ಕಲ್ಲಿನ ಮೇಲೆ ತೂಕಡಿಸುವಾಗ ಒಂದೇ ಕನಸು ಬೀಳುತ್ತಿತ್ತು. ಆಸ್ಪತ್ರೆಯ ಆ ಉಕ್ಕಿನ ಡಬ್ಬದ ಮುಚ್ಚಳ ತೆಗೆದಾಗ ಬಿಳಿ ಹೊಗೆ ಉಕ್ಕುವುದನ್ನು ಒಮ್ಮೆ ನೋಡಿದ್ದೆ. ಕನಸಿನಲ್ಲಿ ಆ ಹೊಗೆ ಎಲೆತೋಟದೊಳಗಿಂದ ಬರುತ್ತಿತ್ತು. ನುಗ್ಗೆಮರಗಳಿಗೆ ಹಬ್ಬಿದ ಬಳ್ಳಿಗಳ ನಡುವೆ, ಹಸಿರು ನೆರಳಿನಲ್ಲಿ, ಯಾರೋ ಸಣ್ಣವರು ಓಡಾಡುತ್ತಿದ್ದರು. ಗೆಜ್ಜೆಯಿರಲಿಲ್ಲ, ನಗುವಿರಲಿಲ್ಲ, ಎಲೆಗಳು ಮಾತ್ರ ಅಲುಗುತ್ತಿದ್ದವು. ಬಾಗಿಲಲ್ಲಿ ನಿಂತ ನಾನು ಒಳಗೆ ಕಾಲಿಡುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ನಿರ್ಮಲಾ ತೋಟದೊಳಗಿಂದ ಬಂದು ಕಲ್ಲಿನ ಮೇಲೆ ಕುಸಿದಳು. ಮಡಿಲಲ್ಲಿ ಆಗಷ್ಟೇ ಕೊಯ್ದ ಎಲೆಗಳಿದ್ದವು. "ನಿನ್ನೇನ ಕಡಿಗೆ ಆಗಿತ್ರಿ ಅಕ್ಕಾರ," ಎಂದಳು ಪಿಸುದನಿಯಲ್ಲಿ.

"ಮತ್ತೆ ಎರಡು ದಿನದಿಂದ ಒಳಗೇ ಎಲೆ ಕೊಯ್ತಾ ಇದ್ದೆಯಲ್ಲ?"

"ಮುಂಜಾನೆ ಎದ್ದ ಕೂಡಲೇ ಅತ್ತಿ ನನ್ನ ಮಾರಿ ನೋಡ್ತಾರ್ರಿ. ನಾ ತ್ವಾಟಕ್ಕ ಹೊಂಟ್ರ, ಈ ಸಲ ನಿಂತೈತಿ ಅಂತ ಅವರ ಮಾರಿ ಅರಳತೈತಿ. ಈ ಕಲ್ಲಿನ ಮ್ಯಾಲ ಕುಂತ್ರ ಮುಗೀತು, ಓಣಿಗೆಲ್ಲಾ ಗೊತ್ತಾಗತೈತಿ. ಒಂದ ದಿನಾನರ ಆಶಾ ಇರಲಿ ಅಂತ ಒಳಗ ಹೋದ್ನಿ." ನೋವಿಗೆ ತುಟಿ ಕಚ್ಚಿಕೊಂಡಳು. ಆ ನೋವಿಗಿಂತ ದೊಡ್ಡ ಹೆದರಿಕೆ ಆಮೇಲೆ ಬಂತು: "ಬಳ್ಳಿಗೆ ಏನರ ಆದ್ರ ಹೆಂಗ್ರಿ?"

ಏನೂ ಆಗುವುದಿಲ್ಲ ಎಂದೆ. ಆದರೂ ಮುಂದಿನ ದಿನಗಳಲ್ಲಿ, ನಾಚಿಕೆಬಿಟ್ಟು ಹೇಳುತ್ತೇನೆ, ಅವಳು ಕೊಯ್ದ ಸಾಲಿನ ಬಳ್ಳಿಗಳನ್ನು ಇಣುಕಿ ನೋಡುತ್ತಿದ್ದೆ. ಹಸಿರಾಗಿಯೇ ಇದ್ದವು. ಹೆಂಗಸರನ್ನು ಹೊರಗೆ ಕೂರಿಸುವ ಈ ಪದ್ಧತಿ ನನಗೆ ಇಂದಿಗೂ ಒಪ್ಪಿಗೆಯಿಲ್ಲ, ನೀಲವ್ವನ ಎದುರೇ ಹೇಳಿದ್ದೇನೆ. ಆದರೆ ನಿರ್ಮಲಾಳ ಮಾತು ನನ್ನ ಬೆನ್ನು ಬಿಡಲಿಲ್ಲ. ಅವಳು ಒಂದು ದಿನದ ಆಸೆಯನ್ನು ತೋಟದೊಳಗೆ ಬಚ್ಚಿಟ್ಟಿದ್ದಳು. ನಾನು ವರ್ಷಗಟ್ಟಲೆ ಆಸೆಯನ್ನು ಮೈಸೂರಿನ ಥಂಡಿಯಲ್ಲಿ ಬಚ್ಚಿಟ್ಟು, ಕೆಲಸದ ನೆಪ ಮಾಡಿಕೊಂಡು ಓಡಿಬಂದಿದ್ದೆ. ಅದು ಅಲ್ಲಿರುವವರೆಗೆ ಸೋಲಿಲ್ಲ. ಅಲ್ಲೇ ಯಾಕೆ ಬಿಟ್ಟು ಬಂದೆ ಎಂಬ ನೀಲವ್ವನ ಪ್ರಶ್ನೆಗೆ ಉತ್ತರ ಅದೇ ಆಗಿತ್ತು. ರಘುವಿಗೆ ಫೋನು ಮಾಡಿ, "ಬರ್ತೀನಿ," ಎಂದೆ. ಅವನು ಏನೂ ಕೇಳದೆ ಅತ್ತ.

ಹೊರಡುವ ಮೊದಲು ನೀಲವ್ವನನ್ನು ಕೂರಿಸಿಕೊಂಡು ನಿರ್ಮಲಾಳ ನೋವಿಗೆ ಹೆಸರಿದೆ ಎಂದು ಹೇಳಿದೆ. ತೋಟದ ಗುಟ್ಟು ಹೇಳಲಿಲ್ಲ. ಸೊಸೆಯದು ಸೋಗು ಎನ್ನುತ್ತಿದ್ದವಳು ಅವಳನ್ನು ತಾನೇ ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ಯುವುದಾಗಿ ಹೇಳಿದಳು. ಬಸ್ಸಿನ ಕಿಟಕಿಯಲ್ಲಿ ನನಗೊಂದು ಉಣ್ಣೆಯ ಟೊಪ್ಪಿಗೆ ಕೊಟ್ಟಳು, ಅಂಗೈಯಷ್ಟು ಸಣ್ಣದು. "ಹೊರಗ ತಗಿಯೂಮುಂದ ಥಂಡಿ ಬಡೀತೈತಿ. ಮತ್ತ ಬರೂಮುಂದ ನಿಮ್ಮೂರ ಎಲಿ ತಗೊಂಡ ಬಾ, ನೋಡೂನು."

ಮೈಸೂರಿನಲ್ಲಿ ಎಲ್ಲರೂ ಮೆಲ್ಲಗೆ ನಡೆದರು, ಮೆಲ್ಲಗೆ ಮಾತನಾಡಿದರು. ಭ್ರೂಣವನ್ನು ಒಳಗಿಡುವಾಗ ಪರದೆಯ ಮೇಲೆ ಒಂದು ಬಿಳಿ ಚುಕ್ಕೆ ಮಿನುಗಿತು. ಟೊಪ್ಪಿಗೆ ನನ್ನ ಮುಷ್ಟಿಯಲ್ಲಿತ್ತು. ಆ ದಿನಗಳಲ್ಲಿ ಅಮ್ಮ ಏನೂ ಕೇಳಲಿಲ್ಲ, ಅತ್ತೆ ಏನೂ ಕೇಳಲಿಲ್ಲ. ಅಷ್ಟು ಮೆತ್ತನೆಯ ಮೌನದೊಳಗೆ ನನಗೆ ಉಸಿರುಗಟ್ಟಿತು. ಯಾರಾದರೂ ಬಾಗಿಲಿಗೆ ಅಡ್ಡ ನಿಂತು ಜೋರಾಗಿ ಕೇಳಲಿ ಎನಿಸುತ್ತಿತ್ತು. ರಕ್ತಪರೀಕ್ಷೆ ಬಂತು. ಇಲ್ಲ ಎಂದಿತು. ಔಷಧಿ ನಿಲ್ಲಿಸಿದರು. ರಘುವಿನ ತೋಳಿನಲ್ಲಿ ಅತ್ತುಬಿಟ್ಟೆ, ಅವನೂ ಅತ್ತ. ಕೆಲಸ ಬಾಕಿಯಿದೆ ಎಂದು ರೈಲು ಹತ್ತಿದೆ. ಹಾವೇರಿ ಬರುವಷ್ಟರಲ್ಲಿ ಸ್ರಾವ ಶುರುವಾಗಿತ್ತು.

ಸವಣೂರಿನಲ್ಲಿಳಿದು ನೇರ ತೋಟಕ್ಕೆ ಹೋದೆ. ನೀಲವ್ವ ಬಾಗಿಲಲ್ಲೇ ಇದ್ದಳು. ಹೆಬ್ಬೆರಳಿಗೆ ಎಲೆ ಕೊಯ್ಯುವ ತಗಡಿನ ಉಗುರು. ಈ ಸಲ ಆಕೆ ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಹೋಗಿ ಕಲ್ಲಿನ ಮೇಲೆ ಕುಳಿತೆ.

ಒಳಗೆ ಎಲೆ ಕೊಯ್ಯುವವರು ಕರೆಯುತ್ತಿದ್ದರು. ನೀಲವ್ವ ಉಗುರು ಕಳಚಿ ಬಾಗಿಲ ಕಂಬಕ್ಕೆ ಸಿಕ್ಕಿಸಿ, ಬಾಗಿಲು ಎಳೆದು, ಬಂದು ನನ್ನ ಪಕ್ಕ ಕುಳಿತಳು. ಮುಟ್ಟು ನಿಂತು ಎಷ್ಟೋ ಕಾಲವಾದ ಮುದುಕಿ.

"ತ್ವಾಟಕ್ಕ ಹೋಗೂದಿಲ್ಲೇನು?" ಎಂದೆ. ನನಗೇ ಗೊತ್ತಿಲ್ಲದೆ ಅವರ ಮಾತು ನನ್ನ ಬಾಯಲ್ಲಿ ಬಂದಿತ್ತು.

"ಇವತ್ತ ನಾನೂ ಕಡಿಗೆ ಆಗೇನಿ ಅಂತ ತಿಳಕೋ," ಎಂದಳು.

ಚೀಲದಿಂದ ಮೈಸೂರೆಲೆಯ ಕಟ್ಟು ತೆಗೆದುಕೊಟ್ಟೆ. ಒಂದೆಲೆ ಸೆರಗಿಗೆ ಒರೆಸಿ, ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ಕಣ್ಣು ತುಂಬಿ ಹರಿಯುತ್ತಿತ್ತು. "ಸಪ್ಪಗೈತಿ ನೋಡು ನಿಮ್ಮೂರ ಎಲಿ," ಎಂದು ಇನ್ನೊಂದಕ್ಕೆ ಕೈಚಾಚಿದಳು.

ನಿರ್ಮಲಾ ಎಂಬುದು ನಿಜವಾದ ಹೆಸರಲ್ಲ. ಹುಬ್ಬಳ್ಳಿಯಲ್ಲಿ ಅವಳ ಚಿಕಿತ್ಸೆ ನಡೆದಿದೆ. ಇದನ್ನು ಬರೆಯಲೇ ಎಂದು ಕೇಳಿದಾಗ, "ಬರೀರಿ. ಇಷ್ಟ ದಿನದ ಮ್ಯಾಲ ಅತ್ತಿಗೂ ನಾನ ಹೇಳ್ತೇನಿ. ಬಳ್ಳಿ ಹಸರ ಇದ್ದದ್ದ ಮಾತ್ರ ಬಿಡಬ್ಯಾಡ್ರಿ," ಎಂದಳು.

ಅಂದು ಕಲ್ಲಿನ ಮೇಲೆ ಕುಳಿತಿರುವಾಗಲೇ ಮೈಸೂರಿನಿಂದ ಅಮ್ಮನ ಫೋನು ಬಂತು. ಎಂದಿನಂತೆ ಬೇರೇನೂ ಕೇಳಲಿಲ್ಲ. "ಮನೆ ಸೇರ್ಕೊಂಡ್ಯಾ?" ಎಂದರು.

ನೀಲವ್ವನ ಕೈ ನನ್ನ ಬೆನ್ನ ಮೇಲಿತ್ತು. ಟೊಪ್ಪಿಗೆ ಮೈಸೂರಿನ ಬೀರುವಿನಲ್ಲಿತ್ತು. "ಸೇರ್ಕೊಂಡೆ ಅಮ್ಮ," ಎಂದೆ.