ಮಾಮಾನ ಕಾರಿಗೆ ಅರಳೆ ತುಂಬಿದ್ದು

ಮೊನ್ನೆ ಹಳೆಯ ಗಾದಿಯೊಂದನ್ನು ಬಿಚ್ಚಿ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ್ದೆ. ಬಿಸಿಲು ಕುಡಿದ ಅರಳೆಗೆ ಒಂದು ವಾಸನೆಯಿದೆ. ಅರಳೆ ಗಾದಿಯ ಮೇಲೆ ಮಲಗಿ ಬೆಳೆದವರಾದರೆ ನಿಮಗೂ ಗೊತ್ತು. ಆ ವಾಸನೆಗೆ ಉಳಿದವರಿಗೆ ಬಾಲ್ಯ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಒಂದು ಸ್ಪೋರ್ಟ್ಸ್ ಕಾರು. ನಗಬೇಡಿ, ಈ ಅರಳೆ ಒಂದು ಕಾಲಕ್ಕೆ ಆ ಕಾರಿನ ಬಾಗಿಲೊಳಗೆ ಇತ್ತು.

ಎಪ್ಪತ್ತರ ದಶಕದ ಕೊನೆ. ಬೆಳಗಾವಿಯಲ್ಲಿ ಕಾಲೇಜು ಓದಲು ನಾನು ಅಲ್ಲಿನ ಶಹಾಪುರ ಪೇಟೆಯಲ್ಲಿ ಮಾಮಾನ ಮನೆಯಲ್ಲಿದ್ದೆ. ಮಾಮಾ ನನ್ನ ತಾಯಿಯ ತಮ್ಮ, ಸೀರೆ ವ್ಯಾಪಾರಿ. ಹಣೆಗೆ ವಿಭೂತಿ, ತಲೆಗೆ ಟೊಪ್ಪಿಗೆ, ಮಾತು ಕಡಿಮೆ. ಇಂಥ ಮನುಷ್ಯ, ವರ್ಗವಾಗಿ ಹೊರಟಿದ್ದ ಮಿಲಿಟರಿ ಅಧಿಕಾರಿಯೊಬ್ಬರಿಂದ ಎರಡು ಬಾಗಿಲಿನ ಕೆಂಪು ವಿಲಾಯತಿ ಕಾರು ಕೊಂಡು ತಂದಾಗ ಇಡೀ ಓಣಿಯೇ ಹೊರಗೆ ಬಂದು ನಿಂತಿತು. ಕಾರು ಆಗಲೇ ಮುದಿಯಾಗಿತ್ತು. ಎಷ್ಟು ತಗ್ಗೆಂದರೆ, ಧೋತರದ ಮಾಮಾ ಅದರಲ್ಲಿ ಕೂರುವಾಗ ಕಾಳು ತೆಗೆಯಲು ನೆಲದಡಿಯ ಹಗೇವಿನೊಳಗೆ ಇಳಿಯುವವನಂತೆ ಕಾಣುತ್ತಿದ್ದ.

ಅದರ ಸದ್ದನ್ನಂತೂ ಕೇಳಲೇಬೇಡಿ. ಎಂಜಿನ್ನಿನ ಒದರಾಟ ಸಾಲದೆಂದು ಟೈರು ರಸ್ತೆಗೆ ಉಜ್ಜುವ ಸದ್ದೆಲ್ಲ ತೆಳುವಾದ ತಗಡಿನ ತಳದಿಂದ ನೇರವಾಗಿ ಒಳಗೆ ನುಗ್ಗುತ್ತಿತ್ತು. ದಿನವಿಡೀ ಮಗ್ಗಗಳ ಸದ್ದಿನಲ್ಲೇ ಬದುಕುವ ಶಹಾಪುರದವರು ಕೂಡ ನಮ್ಮ ಕಾರು ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಪ್ರತಿ ರವಿವಾರ ಖಾನಾಪುರ ದಾಟಿ ಗುಂಜಿಗೆ, ಮಾಮಿಯ ತವರಿಗೆ ನಮ್ಮ ಸವಾರಿ. ಮಾಮಿ ಮುಂದೆ, ನಾನು ಹಿಂದೆ. ಹಿಂದೆ ಎಂದರೆ ಸೀಟು ಎಂದು ಕರೆಸಿಕೊಳ್ಳುತ್ತಿದ್ದ ಒಂದು ಹಲಗೆ. ಅದರ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತರೆ ನನ್ನ ಕಿವಿ ಮಾಮಿಯ ಬಾಯಿಯ ಹತ್ತಿರವೇ ಬರುತ್ತಿತ್ತು. ಹಾಗಾಗಿಯೇ ನನಗೊಂದು ಗುಟ್ಟು ಸಿಕ್ಕಿತು. ಖಾನಾಪುರ ದಾಟಿ ಕಾರು ವೇಗ ಹಿಡಿದು ಗುಂಯ್ ಎನ್ನಲು ಶುರುವಾದರೆ ಮಾಮಿ ಹಾಡುತ್ತಿದ್ದಳು! ಬೀಸುವ ಕಲ್ಲಿನ ಹಾಡು. ನಾನು ಬಂದ ಮೇಲೆ ಮನೆಯಲ್ಲಿ ಒಂದು ದಿನವೂ ಹಾಡಿದವಳಲ್ಲ.

ಗುಟ್ಟು ನನ್ನ ಹೊಟ್ಟೆಯಲ್ಲಿ ಎಷ್ಟು ಹೊತ್ತು ನಿಂತೀತು? ಮರುದಿನವೇ ಅಂಗಡಿಗೆ ಹೋಗಿ ಊದಿದೆ. "ಮಾಮಾ, ಗಾಡ್ಯಾಗ ಮಾಮಿ ಹಾಡ್ತಾರ್ರಿ."

ಸೀರೆ ಮಡಚುತ್ತಿದ್ದ ಕೈ ನಿಂತಿತು. "ಖರೇನ?" ಎಂದ. ಆಮೇಲೆ ತಾನೇ ಹೇಳಿದ, "ಲಗ್ನಾದ ಹೊಸದಾಗ ಬೀಸ್ಕೋತ ಹಾಡ್ತಿದ್ಲು. ನಾ ಹಾಸಿಗ್ಯಾಗ ಮಲಗಿ ಕೇಳ್ತಿದ್ದೆ. ಓಣ್ಯಾಗ ಹಿಟ್ಟಿನ ಗಿರಣಿ ಬಂತು, ಹಾಡೂ ನಿಂತು ಹೋತು. ಎಷ್ಟ ವರ್ಷ ಆತು ಕೇಳಿ!"

"ಹಾಡು ಅಂತ ಹೇಳಬಾರದೇನ್ರಿ?"

"ಹೇಳೀನಿ. 'ನನಗೆಲ್ಲಿ ಹಾಡ ಬರ್ತಾವ್ರಿ' ಅಂತಾಳ." ಸೀರೆಯನ್ನು ಪಕ್ಕಕ್ಕಿಟ್ಟ. "ಗಾಡಿ ಸದ್ದ ಕಡಿಮಿ ಮಾಡೂಣು. ನೀ ಬಾಯಿ ಬಿಡಬ್ಯಾಡ."

ಅಂದಿನಿಂದ ಮಾಮಾ ಕಾರಿನ ವೈದ್ಯನಾದ. ಹಿತ್ತಾಳೆ ಕೊಡ ಕೊಳ್ಳುವವರ ಹಾಗೆ ಬೆರಳು ಮಡಚಿ ಅಲ್ಲಲ್ಲಿ ಬಡಿದು ಕಿವಿಗೊಟ್ಟು ಕೇಳಿದ. ಸೈಕಲ್ ಟ್ಯೂಬು ಸೀಳಿ ಬಾಗಿಲ ಅಂಚಿಗೆ ಅಂಟಿಸಿದ. ಕಾಲಡಿ ಗೋಣಿತಟ್ಟು ಹಾಸಿದ. ಸದ್ದು ಕೂದಲೆಳೆಯಷ್ಟೂ ಇಳಿಯದಿದ್ದಾಗ ಗಾದಿ ಹೊಲಿಯುವ ಇಮಾಮಸಾಬನನ್ನು ಕರೆಸಿದ. ಅವನು ಕಾರಿಗೆ ಎರಡು ಸುತ್ತು ಹಾಕಿ, "ಹೊಟ್ಟಿ ಖಾಲಿ ಐತ್ರಿ ಸಾವ್ಕಾರ, ಅದಕ್ಕ ಒದರಾಕತ್ತೈತಿ. ತುಂಬೂಣು ಬಿಡ್ರಿ" ಎಂದ.

ಎಂಟು ದಿನ ಕೆಲಸ ನಡೆಯಿತು. ಬಾಗಿಲುಗಳ ಒಳಗೆ ಅರಳೆ, ಚಾವಣಿಗೆ ಅರಳೆ, ತಳಕ್ಕೆ ದಪ್ಪನೆಯ ಗಾದಿ. ಮದುಮಕ್ಕಳ ಹಾಸಿಗೆಗೂ ಇಮಾಮಸಾಬ ಅಷ್ಟು ಒತ್ತೊತ್ತಾಗಿ ಹೊಲಿಗೆ ಹಾಕಿರಲಿಕ್ಕಿಲ್ಲ. ಎಂಜಿನ್ನಿಗೂ ಒಂದು ರಜಾಯಿ ಹೊಲಿಯಲೇ ಎಂದು ಕೇಳಿದಾಗ ಮಾಮಾ ಬೇಡವೆನ್ನುವ ಮೊದಲು ಸ್ವಲ್ಪ ಯೋಚನೆ ಮಾಡಿದ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಿಟಕಿಯ ಗಾಜುಗಳು ಮಾತ್ರ ಅಂದಿನಿಂದ ಇಳಿಯಲಿಲ್ಲ. "ನಿನ್ನ ಸೊಂಟಕ್ಕ ಧಕ್ಕಿ ಹತ್ತಬಾರದಂತ ಮಾಡ್ಸೀನಿ" ಎಂದು ಮಾಮಿಗೆ ಹೇಳಿದ. "ಈ ಕಾಳಜಿ ಇಷ್ಟ ದಿನಾ ಎಲ್ಲಿತ್ರಿ?" ಎಂದಳು ಮಾಮಿ.

ರವಿವಾರ ಬಂತು. ಕಾರು ಎಷ್ಟು ಮೆತ್ತಗೆ ಹೋಯಿತೆಂದರೆ ಮಾಮಿಯ ಬಳೆ ಅಲುಗಿದ್ದೂ ಕೇಳುತ್ತಿತ್ತು. ಖಾನಾಪುರ ದಾಟಿತು. ಮಾಮಾ ಎಡಕ್ಕೆ ಸ್ವಲ್ಪ ವಾಲಿದ. ಮಾಮಿ ಬಾಯಿ ತೆರೆದು ಒಂದು ಸೊಲ್ಲು ಎತ್ತಿದಳು, ತನ್ನ ದನಿ ತನಗೇ ಕೇಳಿಸಿ ಬೆಚ್ಚಿದಳು, ಕೆಮ್ಮಿ ಸುಮ್ಮನಾದಳು. ಗುಂಜಿಯವರೆಗೆ ಮಾವಿನ ಉಪ್ಪಿನಕಾಯಿಯ ಮಾತಾಡಿದಳು. ಬರುವಾಗಲೂ ಅದೇ ಉಪ್ಪಿನಕಾಯಿ. ಮುಂದಿನ ರವಿವಾರವೂ ಹಾಡಿಲ್ಲ, ಅದರ ಮುಂದಿನ ರವಿವಾರವೂ ಇಲ್ಲ. ಅವಳಿಗೆ ವಾರಕ್ಕೊಮ್ಮೆ ಸಿಗುತ್ತಿದ್ದ ಒಂದೇ ಸುಖವನ್ನು ನನ್ನ ಬಾಯಿ ಕಿತ್ತುಕೊಂಡಿತ್ತು.

ಮಾಮಾ ನನ್ನನ್ನು ಬೈಯಲಿಲ್ಲ. ನನ್ನನ್ನೂ ಕರೆದುಕೊಂಡು ಇಮಾಮಸಾಬನ ಅಂಗಡಿಯ ಮುಂದೆ ಕಾರು ನಿಲ್ಲಿಸಿದ. "ಎಲ್ಲಾ ತಗೀರಿ."

ಇಮಾಮಸಾಬನ ಮುಖ ಕೆಂಪಾಯಿತು. "ನನ್ನ ಗಾದಿ ಇವತ್ತಿನ ತನಕ ಒಂದೂ ವಾಪಸ್ ಬಂದಿಲ್ರಿ ಸಾವ್ಕಾರ. ಏನ ಕಡಿಮಿ ಬಿತ್ತು?"

"ಏನೂ ಕಡಿಮಿ ಬಿದ್ದಿಲ್ಲ. ಭಾಳ ಛಲೋ ಆಗೇತಿ. ಅದಕ್ಕ ತಗೀರಿ" ಎಂದ ಮಾಮಾ. ತೆಗೆದ ಅರಳೆಯಲ್ಲಿ ಇಮಾಮಸಾಬ ನನಗೊಂದು ಗಾದಿ ಹೊಲಿದುಕೊಟ್ಟ; ಮೊನ್ನೆ ಬಿಚ್ಚಿದ್ದು ಅದನ್ನೇ.

ಆ ರವಿವಾರ ಕಾರು ಮತ್ತೆ ಹಳೆಯ ಹಾಗೆ ಒದರಿತು. ಖಾನಾಪುರ ದಾಟಿ ಎರಡು ಮೈಲಿ ಹೋಗಿರಬೇಕು, ನನ್ನ ಕಿವಿಯ ಹತ್ತಿರ ಹಾಡು ಶುರುವಾಯಿತು. ಮಾಮಾ ನೆಟ್ಟಗೆ ರಸ್ತೆಯನ್ನೇ ನೋಡುತ್ತಿದ್ದ; ಒಮ್ಮೆಯೂ ತಿರುಗಲಿಲ್ಲ. ಗುಂಜಿಯಲ್ಲಿ ಇಳಿದ ಮೇಲೆ, "ಏನರ ಕೇಳಿಸ್ತೇನ್ರಿ?" ಎಂದು ಮೆಲ್ಲಗೆ ಕೇಳಿದೆ.

"ಏನೂ ಇಲ್ಲ" ಎಂದ. ಗಾಜು ಒರೆಸುತ್ತ, "ಹಾಡಾಕತ್ತಾಳಲ್ಲ, ಸಾಕ ಬಿಡು" ಎಂದ. ಆಮೇಲೆ ಕಾರು ಕೆಟ್ಟು ಮೂಲೆ ಸೇರುವವರೆಗೆ, ಆರೇಳು ವರ್ಷ, ಹಾಗೆಯೇ ನಡೆಯಿತು.

ಮಾಮಾ ಈಗಿಲ್ಲ. ಮಾಮಿ ಬೆಳಗಾವಿಯಲ್ಲೇ ನೆಹರು ನಗರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಮೊನ್ನೆ ಸಂಜೆ ಹೋಗಿ, ಮಾಮಾ ಕಾರಿಗೆ ಅರಳೆ ತುಂಬಿಸಿದ್ದು ಯಾಕೆ, ತೆಗೆಸಿದ್ದು ಯಾಕೆ ಎಂದು ಎಲ್ಲವನ್ನೂ ಒಪ್ಪಿಸಿಬಿಟ್ಟೆ. ನಗಿಸಬೇಕೆಂದೇ ಹೋಗಿದ್ದೆ. ರಜಾಯಿಯ ಮಾತಿಗೆ ನಕ್ಕಳು ಕೂಡ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವರ ಬಾಜೂಕ ಕುಂತ್ರ ಹಾಡಬೇಕ ಅನಸ್ತಿತ್ತವಾ. ಅವರಿಗೆ ಕೇಳಸ್ತಂದ್ರ ನಾಚಿಕಿ ಬರ್ತಿತ್ತು" ಎಂದಳು. ನನ್ನ ಕಡೆ ತಿರುಗಿ ಕೇಳಿದಳು: "ನೀ ಹಿಂದ ಕುಂತ ಕೇಳೀದಿ ಹೌದಿಲ್ಲ? ನಾ ಛಲೋ ಹಾಡ್ತಿದ್ನೇನ?"

ಇಷ್ಟು ವರ್ಷ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ಹಾಡು ಕೇಳುವ ಆಸೆಯನ್ನೇ ಬಿಟ್ಟುಕೊಟ್ಟಿದ್ದ.

"ಭಾಳ ಛಲೋ ಹಾಡ್ತಿದ್ರಿ ಮಾಮಿ" ಎಂದೆ, ಅವನ ಪರವಾಗಿಯೂ.