ಅವ್ವನ ಫೋಟೊಕ್ಕೆ ಕಣ್ಣು ಹುಡುಕಿದ್ದು

ಮುಂಬೈಯಲ್ಲಿ ನಾನು ಕಾಲಿಟ್ಟ ಮನೆಯ ಗೋಡೆಯ ಮೇಲೆ ಲಕ್ಷ್ಮಿಗೆ ನಾಲ್ಕು ಕಣ್ಣುಗಳಿದ್ದವು. ಪಕ್ಕದ ಗಣಪತಿಗೆ ಎರಡು ಸೊಂಡಿಲು. ಅದರಾಚೆ ಹಾಲಿನ ಡಬ್ಬಿ ಹಿಡಿದು ನಗುತ್ತಿದ್ದ ಹೆಂಗಸಿಗೆ ಹಸಿರು ತುಟಿ. ಹೊಸ ಮದುಮಗಳು ನಾನು, ಬಲಗಾಲಿಟ್ಟವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ನನ್ನವರು ಟ್ರಂಕು ಇಳಿಸಿ ನಕ್ಕರು.

"ಅಂಜಬ್ಯಾಡ. ಪ್ರೆಸ್ಸಿನ್ಯಾಗ ಬಣ್ಣ ಜರಗಿ ಕೆಟ್ಟ ಹಾಳಿ ಅವು. ಗ್ವಾಡಿ ಸುಣ್ಣ ಉದರತದ ಅಂತ ಅಂಟಿಸೇನಿ."

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನ್ನವರು, ಯಡ್ರಾಮಿಯ ಚನ್ನಪ್ಪ, ಮುಂಬೈಯ ಕ್ಯಾಲೆಂಡರ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದರು. ಆಳಂದ ಕಡೆಯ ಸರಸಂಬಾದ ನಾನು ಅವರ ಕೈಹಿಡಿದು ಬಂದವಳು. ನಿಜ ಹೇಳಬೇಕೆಂದರೆ ನನಗಿಂತ ಮೊದಲು ಆ ಮನೆಗೆ ಬಂದಿದ್ದು ನನ್ನ ಫೋಟೊ. ವರನ ಕಡೆಗೆ ಕಳಿಸಲು ಆಳಂದದ ಸ್ಟುಡಿಯೊದಲ್ಲಿ ತೆಗೆಸಿದ್ದು. ಅವ್ವ ಕ್ಯಾಮೆರಾದ ಪಕ್ಕದಲ್ಲೇ ನಿಂತು, "ನನ್ನ ಕಡಿ ನೋಡ ಶರಣಿ, ಅಂದ್ರ ನಗಿ ಬರತದ" ಎಂದಿದ್ದಳು. ಹಾಗೇ ನೋಡಿದ್ದೆ, ಹಾಗೇ ನಗು ಬಂದಿತ್ತು.

ನಮ್ಮೂರಿನ ಪಡಸಾಲೆಯ ಒಂದು ಮೂಲೆಯಷ್ಟಿತ್ತು ಈ ಮನೆ. ಇಲ್ಲಿಯವರು ಅದಕ್ಕೆ ಖೋಲಿ ಎನ್ನುತ್ತಾರೆ. ಗಡಿಯ ಹಿರೋಳ್ಳಿ ಕಡೆಯ ನೆಂಟರಿಂದ ಕಲಿತ ಮರಾಠಿ ನನಗೆ ಚೆನ್ನಾಗಿ ಬರುತ್ತದೆಂದು ಬೀಗುತ್ತಿದ್ದೆ. ನಲ್ಲಿಯ ಮುಂದೆ ಬಾಯಿ ತೆರೆದ ದಿನವೇ ಹೆಂಗಸರೆಲ್ಲ ಸೆರಗು ಬಾಯಿಗೊತ್ತಿಕೊಂಡು ನಕ್ಕರು, ಬೀಗಿದ್ದು ಇಳಿಯಿತು. ಊರಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಇಲ್ಲಿ ಕೆಳಗಿನ ಖೋಲಿಯ ಶೇವಂತಾಬಾಯಿ ಏನೋ ಬಿತ್ತೆಂದು ಓಡಿ ಬಂದರು. ಬಂದವರು ಬಿಸಿ ರೊಟ್ಟಿ ತಿಂದು ಹೋದರು. ಆವತ್ತಿನಿಂದ ಮುಂಬೈಯಲ್ಲಿ ನನಗೂ ಒಬ್ಬರು ಇದ್ದಾರೆ ಎನಿಸಿತು.

ಮರುವರ್ಷ ಊರಿಂದ ತಂತಿ ಬಂತು. ಸೊಲ್ಲಾಪುರದಲ್ಲಿ ರೈಲಿಳಿದು, ಬಸ್ಸು ಹತ್ತಿ, ಸರಸಂಬಾ ಮುಟ್ಟುವ ಹೊತ್ತಿಗೆ ಅವ್ವನನ್ನು ಮಣ್ಣು ಮಾಡಿ ಆಗಿತ್ತು. ನನಗೆ ಸಿಕ್ಕಿದ್ದು ಅವಳ ಒಂದು ಫೋಟೊ ಮಾತ್ರ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂ ಹಾಕಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಬದುಕಿದ್ದಾಗ ಒಂದೂ ಫೋಟೊ ತೆಗೆಸಿಕೊಳ್ಳದವರಿಗೆ ಆಗಲಾದರೂ ಒಂದು ಇರಲಿ ಎಂದು ಆಳಂದದ ಸ್ಟುಡಿಯೊದವನನ್ನು ಕರೆಸುತ್ತಾರೆ. ಅವನು ಮುಖವಷ್ಟನ್ನೇ ದೊಡ್ಡದು ಮಾಡಿ, ಮುಚ್ಚಿದ ರೆಪ್ಪೆಯ ಮೇಲೆ ಕುಂಚದಿಂದ ತೆರೆದ ಕಣ್ಣು ಬರೆದುಕೊಡುತ್ತಾನೆ. ಅವ್ವನಿಗೂ ಬರೆದಿದ್ದ. ನಾನು ಊರಲ್ಲೇ ಉಳಿದ ಆ ದಿನಗಳಲ್ಲಿ ಅಪ್ಪ ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ.

ತಂಗಿ ಕಸ್ತೂರಿ ಆಗಿನ್ನೂ ಶಾಲೆಗೆ ಸೇರಿದ ಹೊಸತು. ಅವಳು ಪಡಸಾಲೆಗೆ ಕಾಲಿಡುತ್ತಿರಲಿಲ್ಲ. ಹಿತ್ತಲ ಬಾಗಿಲಿಂದ ಬಂದು ಹಿತ್ತಲ ಬಾಗಿಲಿಂದ ಹೋಗುವಳು. ಯಾಕೆ ಎಂದು ಕೇಳಿದೆ.

"ಅಕಿ ಅವ್ವ ಅಲ್ಲಕ್ಕ. ಅವ್ವನ ಸೆರಗ ಹೊತ್ಕೊಂಡು ಮತ್ಯಾರೋ ಕುಂತಾರ."

ಅಪ್ಪ ಆ ಫೋಟೊವನ್ನು ಗೋಡೆಯಿಂದ ಇಳಿಸಿ, "ನೀನೇ ಒಯ್ಯವ್ವ. ಕೂಸು ಅಂಜಾಕತ್ತದ" ಎಂದ. ಕಸ್ತೂರಿ ಬಸ್ಸಿನವರೆಗೂ ಬಂದಳು. "ಅವ್ವ ಹ್ಯಾಂಗಿದ್ಲು ಅಂತ ಮರ್ಯಾಕತ್ತೇನಿ ಅಕ್ಕ. ನೀ ಮರೀಬ್ಯಾಡ" ಎಂದಳು.

ಮುಂಬೈಯ ಗೋಡೆಗೆ ಹಾಕಿದ ದಿನ ಶೇವಂತಾಬಾಯಿ "ಕೋಣ್ ಹೀ?" ಎಂದರು, ಯಾರೀಕೆ ಎಂದು. ನಮ್ಮವ್ವ ಎಂದೆ. ಅವರು ತುಸು ಹೊತ್ತು ನೋಡಿ, "ಮುಖ ನಿನ್ನ ಹಾಗೇ ಇದೆ. ಕಣ್ಣು ಮಾತ್ರ ಗಂಡಸಿನದು" ಎಂದರು ಮರಾಠಿಯಲ್ಲಿ.

ಆಗ ನನಗೆ ಥಟ್ಟನೆ ಹೊಳೆಯಿತು. ಈ ಕಣ್ಣುಗಳನ್ನು ನಾನು ಮೊದಲೂ ನೋಡಿದ್ದೆ. ನಮ್ಮ ಓಣಿಯ ಗೌಡರ ಅಜ್ಜನ ಫೋಟೊದಲ್ಲಿ, ಆಳಂದದ ಧಾನ್ಯದ ಅಡತಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿದ್ದ ಫೋಟೊದಲ್ಲಿ, ಹೆರಿಗೆಯಲ್ಲಿ ತೀರಿಹೋದ ನನ್ನ ಗೆಳತಿಯ ಮುಖದಲ್ಲೂ. ಆ ಸ್ಟುಡಿಯೊದವನಿಗೆ ಬರೆಯಲು ಬರುತ್ತಿದ್ದುದು ಒಂದೇ ಜೊತೆ ಕಣ್ಣು. ಆಳಂದದ ಸುತ್ತಲಿನ ಸತ್ತವರೆಲ್ಲ ಅದರಿಂದಲೇ ನಮ್ಮನ್ನು ನೋಡುತ್ತಿದ್ದರು. ಅಂದಿನಿಂದ ಖೋಲಿಯಲ್ಲಿ ಒಬ್ಬಳೇ ಇರುವುದು ನನಗೂ ಕಷ್ಟವಾಯಿತು. ಒಲೆಯ ಮುಂದೆ ಕೂತರೆ ಬೆನ್ನ ಮೇಲೆ ಯಾರದೋ ನೋಟ.

ಅಂಜಿಕೊಂಡು ಎಷ್ಟು ದಿನ ಇರುವುದು? ಅವ್ವನಿಗೆ ಬೇರೆ ಕಣ್ಣು ಹುಡುಕಲು ಕತ್ತರಿ ಹಿಡಿದೆ. ಪ್ರೆಸ್ಸಿನ ಕೆಟ್ಟ ಹಾಳೆಗಳೆಲ್ಲ ನನ್ನ ಮುಂದೆ ರಾಶಿ ಬಿದ್ದವು. ಸೀತೆಯ ಕಣ್ಣು ತೀರ ದೊಡ್ಡದಾಯಿತು, ಸಾಬೂನಿನ ಜಾಹೀರಾತಿನ ಹೆಂಗಸಿನದು ಬಿಂಕದ್ದು, ಸರಸ್ವತಿಯದು ನಮ್ಮವ್ವನಿಗಿಂತ ಜಾಣ. ಇಟ್ಟು ನೋಡುವುದು, ತೆಗೆಯುವುದು. ಹುಡುಕುತ್ತ ಹುಡುಕುತ್ತ, ಕಟ್ಟಿನಿಂದ ತೆಗೆದು ರಟ್ಟಿಗೆ ಅಂಟಿಸಿದ ಅವ್ವನ ಸುತ್ತ ಊರು ಕಟ್ಟತೊಡಗಿದೆ. ಶಾಯಿ ಚೆಲ್ಲಿದ ಹಾಳೆಯನ್ನು ಹರಿದು ಎರೆಹೊಲ ಮಾಡಿದೆ. ಯಾವುದೋ ದೇವಿಯ ಹಳದಿ ಸೀರೆ ಕತ್ತರಿಸಿ ತೊಗರಿ ಹೂವು ಮಾಡಿದೆ. ಹಾಲಿನ ಡಬ್ಬಿಯ ಮೇಲಿನ ಎಮ್ಮೆಯನ್ನು ತಂದು ನಮ್ಮ ಹಿತ್ತಲಲ್ಲಿ ಕಟ್ಟಿದೆ. ಪ್ರತಿ ಚಿತ್ರದ ಕೆಳಗೆ ಅವ್ವ ಆಡುತ್ತಿದ್ದ ಮಾತು ಬರೆದೆ. ಎಮ್ಮೆಯ ಕೆಳಗೆ ಅವಳು ಬೈಯುತ್ತಿದ್ದ ಬೈಗುಳವೂ ಬಂತು. ಊರೆಲ್ಲ ತುಂಬಿತು, ನಡುವೆ ಅವ್ವ ಮಾತ್ರ ಇನ್ನೂ ಯಾರೋ ಆಗಿ ಕೂತಿದ್ದಳು.

ಒಂದು ಮಧ್ಯಾಹ್ನ ಟ್ರಂಕಿನ ತಳದಲ್ಲಿ ನನ್ನ ಫೋಟೊ ಕೈಗೆ ಬಂತು. ಅದೇ ಸ್ಟುಡಿಯೊ, ಮುಖ ಅದೇ ಅಳತೆ. ಕಣ್ಣಿನ ಕೆಳಗೆಲ್ಲ ಕೈಯಿಂದ ಮುಚ್ಚಿ ನೋಡಿದೆ. ಅವ್ವ ನನ್ನನ್ನು ನೋಡುತ್ತಿದ್ದಳು. ಕೂತಲ್ಲೇ ಅತ್ತುಬಿಟ್ಟೆ.

ಆದರೆ ಆ ಫೋಟೊ ನನ್ನದಲ್ಲ, ನನ್ನವರದು. ಸಂಜೆ ಕೇಳಿದೆ. ಅವರ ಮುಖ ಸಣ್ಣದಾಯಿತು.

"ಅದನ್ನ ನೋಡೇ ನಾ ಹೂಂ ಅಂದದ್ದು. ಅದಕ್ಕ ಕತ್ತರಿ ಹಾಕ್ತಿ ಏನು?"

"ನಾನೇ ಎದುರಿಗಿ ಅದೀನಲ್ರಿ."

"ಆಗಿನ ನೀ ಈಗ ಎಲ್ಲಿ ಅದಿ?" ಎಂದರು. ಮರುದಿನ ಕೆಲಸಕ್ಕೆ ಹೊರಡುವಾಗ ಫೋಟೊವನ್ನು ಕತ್ತರಿಯ ಪಕ್ಕದಲ್ಲಿಟ್ಟು, ನನ್ನ ಕಡೆ ನೋಡದೆ ಚಪ್ಪಲಿ ಮೆಟ್ಟಿ ಹೋದರು.

ಕತ್ತರಿಸಿದೆ. ಅವ್ವನನ್ನು ನೋಡುತ್ತಿದ್ದ ಕಣ್ಣುಗಳನ್ನು ಅವ್ವನಿಗೇ ಅಂಟಿಸಿದೆ. ಕೆಳಗೆ ಅವಳು ದಿನವೂ ಕೇಳುತ್ತಿದ್ದುದನ್ನು ಬರೆದೆ: "ಕಸ್ತೂರಿ, ಉಂಡಿ ಏನವ್ವ?" ಆ ರಟ್ಟನ್ನು ಊರಿಗೆ ಹೊರಟ ನಮ್ಮೂರವರೊಬ್ಬರ ಕೈಯಲ್ಲಿ ಕೊಟ್ಟು ಕಳಿಸಿದೆ.

ತೂತು ಬಿದ್ದ ನನ್ನ ಫೋಟೊವನ್ನು ನನ್ನವರು ಎಸೆಯಲಿಲ್ಲ. ಒಂದು ಭಾನುವಾರ ನಾಲ್ಕು ಕಣ್ಣಿನ ಲಕ್ಷ್ಮಿಯಿಂದ ಎರಡನ್ನು ತೆಗೆದು ನನಗೆ ಅಂಟಿಸಿದರು. ತುಸು ಕೆಂಪು, ತುಸು ದೊಡ್ಡವು. "ಚಂದ ಕಾಣ್ತಿ" ಎಂದರು. ಮುಂಬೈಯ ಗೋಡೆಯ ಮೇಲೆ ಇಂದಿಗೂ ನಾನು ಹಾಗೇ ಇದ್ದೇನೆ. ನನ್ನ ಮಗಳು ಅದನ್ನೇ ತನ್ನ ತಾಯಿಯ ಹರೆಯದ ಮುಖವೆಂದು ನಂಬಿದ್ದಾಳೆ.

ಎರಡು ವರ್ಷದ ಮೇಲೆ ಊರಿಗೆ ಹೋದೆ. ಅವ್ವನ ಫೋಟೊ ಪಡಸಾಲೆಯಿಂದ ಅಡುಗೆಮನೆಗೆ ಬಂದಿತ್ತು. ಕಸ್ತೂರಿ ರೊಟ್ಟಿ ತಟ್ಟುತ್ತ, ಅದರ ಕಡೆ ತಿರುಗಿ, "ಅವ್ವ, ಅಕ್ಕ ಬಂದಾಳ ನೋಡು" ಎಂದಳು. ನಾನು ತಲೆ ಎತ್ತಿದೆ. ನನ್ನವೇ ಕಣ್ಣುಗಳು ನನ್ನನ್ನು ನೋಡುತ್ತಿದ್ದವು.

"ಯಾರ ಕಣ್ಣ ಗೊತ್ತದೇನ್ ಕಸ್ತೂರಿ?" ಎಂದೆ.

"ನೋಡಿದ ದಿನಾನೇ ಗೊತ್ತಾತು" ಎಂದಳು ಕೈ ನಿಲ್ಲಿಸದೆ. "ಅದಕ್ಕ ಅಂಜಿಕಿ ಹೋತು."

ಹೊರಡುವ ದಿನ ಬಸ್ಸಿನ ಹೊತ್ತಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು "ಹೋಗಿ ಬರ್ತೇನಿ" ಎಂದೆ. ಅವ್ವನಿಗೆ ಹೇಳಿದೆನೋ, ಆ ಕಣ್ಣಲ್ಲಿ ಅಲ್ಲೇ ಉಳಿದುಕೊಂಡ ಆಗಿನ ಶರಣಿಗೆ ಹೇಳಿದೆನೋ, ಈಗಲೂ ನನಗೆ ತಿಳಿಯುವುದಿಲ್ಲ.