ಮೇಷ್ಟ್ರು ಯಂತ್ರವನ್ನು ಕೇಳಿದ ಪ್ರಶ್ನೆ

ಬಸ್ ಸಂಸ್ಥೆಯ ಕಚೇರಿಯಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಒಂದು ದಿನವೂ ಪಾಠ ಹೇಳಿದವರಲ್ಲ. ಇಪ್ಪತ್ತಾರು ವರ್ಷಗಳಿಂದ ಕಂಪ್ಯೂಟರ್ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು. ಸೂಚನಾ ಫಲಕದಲ್ಲಿ ಕಾಗುಣಿತ ತಪ್ಪಿದ್ದರೆ ನಿಂತಲ್ಲೇ ಕೆಂಪು ಗೀಟು ಎಳೆಯುವ ಅಭ್ಯಾಸದಿಂದ ಆ ಹೆಸರು ಅಂಟಿಕೊಂಡಿತ್ತು. ತಮ್ಮ ಕೈಯಲ್ಲಿ ತಪ್ಪಾಗುವುದಿಲ್ಲ ಎಂದು ಅವರು ಬಾಯಿಬಿಟ್ಟು ಎಂದೂ ಹೇಳಿರಲಿಲ್ಲ. ಹೇಳುವ ಅಗತ್ಯ ಬಿದ್ದಿರಲಿಲ್ಲ.

ಆ ಕೋಣೆಯ ಯಂತ್ರ ವಾರಕ್ಕೊಮ್ಮೆ ಎರಡು ಸಾವಿರ ಚಾಲಕರ ಪಾಳಿಪಟ್ಟಿಯನ್ನು ತಯಾರಿಸುತ್ತಿತ್ತು. ಅದಕ್ಕೆ ಬೇಕಾದ ಪ್ರೋಗ್ರಾಮನ್ನು ಬರೆದದ್ದು ಎದುರು ಕೋಣೆಯ ಹೆಂಗಸು. ಆಕೆ ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು. ಹಳೆಯ ಯಂತ್ರದಲ್ಲಿ ಒಂದು ಗಂಟೆಯೊಳಗೆ ಮುಗಿಯುತ್ತಿದ್ದ ಪಟ್ಟಿ, ಹೊಸ ದೊಡ್ಡ ಯಂತ್ರ ಬಂದ ಮೇಲೆ ಒಂದೂಮುಕ್ಕಾಲು ಗಂಟೆಯಾದರೂ ಹೊರಗೆ ಬರುತ್ತಿರಲಿಲ್ಲ. ಚಾಲಕರು ಡಿಪೊದ ಬಾಗಿಲಲ್ಲಿ ನಿಂತು ಕೂಗಾಡತೊಡಗಿದರು.

ಹೊಸ ಯಂತ್ರದೊಳಗೆ ಎರಡು ಪ್ರೊಸೆಸರುಗಳಿದ್ದವು. ಒಂದೊಂದರ ಪಕ್ಕದಲ್ಲೂ ಅದರದೇ ಮೆಮೊರಿ. ಒಂದೇ ಮನೆಯಲ್ಲಿ ಇಬ್ಬರು ವಾರಗಿತ್ತಿಯರು ಬೇರೆಬೇರೆ ಒಲೆ ಹೂಡಿ, ತಂತಮ್ಮ ಕಪಾಟು ಇಟ್ಟುಕೊಂಡ ಹಾಗೆ. ಆಚೆಯ ಕಪಾಟಿನಿಂದ ಉಪ್ಪು ತರಬಾರದೆಂದೇನೂ ಇಲ್ಲ. ಆದರೆ ಪ್ರತಿ ಚಿಟಿಕೆಗೂ ನಡುಮನೆ ದಾಟಿ ಹೋಗಿ ಬರಬೇಕು. ಯಾವ ಕೆಲಸಕ್ಕೆ ಯಾವ ಕಪಾಟು ಎಂಬುದಕ್ಕೆ ಒಂದು ನಿಯಮವಿರುತ್ತದೆ. ಆ ನಿಯಮವೇನೆಂದು ಯಂತ್ರವನ್ನೇ ಕೇಳಿ ತಿಳಿಯಬಹುದು.

ಮೇಷ್ಟ್ರು ಕೇಳಿದರು. ತಮ್ಮ ಮೇಜಿನಲ್ಲಿ ಕುಳಿತು ಆಜ್ಞೆ ಕೊಟ್ಟಾಗ, ನಿಯಮ ಮಾಮೂಲಿನದೇ, ಹತ್ತಿರದ ಕಪಾಟೇ ಎಂಬ ಉತ್ತರ ಬಂತು. ದಿನಾಂಕ, ವೇಳೆಗಳ ಸಮೇತ ಅದನ್ನು ದಾಖಲಿಸಿ, ಯಂತ್ರದಲ್ಲಿ ದೋಷವಿಲ್ಲ, ದೋಷವಿರುವುದು ಪ್ರೋಗ್ರಾಮಿನಲ್ಲಿ ಎಂದು ವರದಿ ಕೊಟ್ಟರು.

ಸೋಮವಾರದ ಸಭೆಯಲ್ಲಿ ಆಕೆ ಎದ್ದು ನಿಂತಳು. "ಸರ್, ನನ್ನ ಪ್ರೋಗ್ರಾಮ್ ಒಳಗಿಂದ ಕೇಳಿಸಿದ್ರಾ, ಇಲ್ಲಾ ಹೊರಗಿಂದ ಕೇಳಿದ್ರಾ?"

"ಒಳಗಡೆಯವರಿಗೊಂದು, ಹೊರಗಡೆಯವರಿಗೊಂದು ಹೇಳೋಕೆ ಅದೇನು ನನ್ನ ಭಾವಮೈದುನನಾ?"

ಸಭೆ ನಕ್ಕಿತು. ಆಕೆ ಕುಳಿತುಕೊಳ್ಳಲಿಲ್ಲ. "ಪ್ರೋಗ್ರಾಮಿಗೆ ಎರಡು ಸಾಲು ಸೇರಿಸೋಕೆ ಸಹಿ ಹಾಕಿಕೊಡಿ ಸರ್. ಅದೇ ಕೇಳಿ ಹೇಳುತ್ತೆ."

"ಸಾಲೆಲ್ಲ ಬೇಡಮ್ಮ. ನಿಮ್ಮ ಪ್ರೋಗ್ರಾಮಿಗೆ ಮೆಮೊರಿ ವೀಕು. ರಾತ್ರಿ ನಾಲ್ಕು ಬಾದಾಮಿ ನೆನೆಹಾಕಿ ಬೆಳಿಗ್ಗೆ ತಿನ್ನಿಸಿ."

ವ್ಯವಸ್ಥಾಪಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಮರುದಿನ ಯಾರೋ ಆಕೆಯ ಮೇಜಿನ ಮೇಲೆ ಒಂದು ಹಿಡಿ ಬಾದಾಮಿ ಇಟ್ಟರು. ತಿಂಗಳು ತುಂಬುವಷ್ಟರಲ್ಲಿ ಆಕೆಗೆ ಬಾದಾಮಿ ಎಂದೇ ಹೆಸರಾಯಿತು. ಆರು ತಿಂಗಳಿಗೆ ಪಾಳಿಪಟ್ಟಿಯನ್ನು ಹೊರಗಿನ ಗುತ್ತಿಗೆದಾರರಿಗೆ ವಹಿಸಿದರು. ಅವರು ಅದನ್ನು ತಮ್ಮ ಯಂತ್ರದಲ್ಲೇ ಮಾಡಿ ಕಳಿಸುತ್ತಿದ್ದರು. ಆಕೆಯನ್ನು ಬಸ್ಸಿನಲ್ಲಿ ಕಳೆದುಹೋದ ಸಾಮಾನುಗಳ ಕೌಂಟರಿಗೆ ಹಾಕಿದರು.

ಎರಡು ವರ್ಷಗಳ ನಂತರ ಮೇಷ್ಟ್ರು ತಮ್ಮ ಮುಂದಿನವರಿಗಾಗಿ ಕೈಪಿಡಿಯೊಂದನ್ನು ಬರೆಯಲು ಕುಳಿತರು. ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಪಾಟಿನ ನಿಯಮ ಕೇಳುವ ಆ ಪ್ರಶ್ನೆಯ ಸರದಿ ಬಂತು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ, ಗೊತ್ತಿರುವುದೇ ಎಂದು ಈವರೆಗೆ ಪೂರ್ತಿ ಓದಿರದ ಅದರ ವಿವರಣೆಯನ್ನು ವಾಕ್ಯರಚನೆಗಾಗಿ ಓದಿದರು. ಈ ಪ್ರಶ್ನೆಗೆ ಯಂತ್ರ ಕೊಡುವ ಉತ್ತರ, ಯಾವ ಕೆಲಸ ಪ್ರಶ್ನೆ ಕೇಳಿತೋ ಆ ಕೆಲಸಕ್ಕೆ ಅನ್ವಯಿಸುವ ನಿಯಮ ಮಾತ್ರ, ಬೇರೆ ಕೆಲಸದ್ದಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮತ್ತೊಮ್ಮೆ ಓದಿದರು. ರೋಗಿಯನ್ನು ಎದುರಿಗೆ ಕೂರಿಸಿಕೊಂಡು, ಥರ್ಮಾಮೀಟರನ್ನು ತನ್ನ ಬಾಯಲ್ಲೇ ಇಟ್ಟುಕೊಂಡು, ಜ್ವರವಿಲ್ಲವೆಂದು ಚೀಟಿ ಬರೆದುಕೊಟ್ಟ ವೈದ್ಯನ ಕೆಲಸವನ್ನು ಅವರು ಮಾಡಿದ್ದರು.

ಪಾಳಿಪಟ್ಟಿಯ ಪ್ರೋಗ್ರಾಮನ್ನು ಶುರುಮಾಡುವ ಕಡತವನ್ನು ಯಂತ್ರದಲ್ಲಿ ತೆರೆದರು. ಮೂರನೆಯ ಸಾಲಿನಲ್ಲೇ ಇತ್ತು: ಕೆಲಸ ಮೊದಲನೆಯ ಒಲೆಯ ಮೇಲೆ, ಸಾಮಾನೆಲ್ಲ ಎರಡನೆಯ ಕಪಾಟಿನಿಂದ ಮಾತ್ರ. ಆ ಕಡತದಿಂದ ಹೊರಟ ಪ್ರತಿಯೊಂದು ಕೆಲಸವೂ ಆ ಕಟ್ಟಳೆಯನ್ನು ಹೊತ್ತೇ ಹೊರಡುತ್ತಿತ್ತು. ಯಂತ್ರ ಬಂದ ಮೊದಲ ವಾರ, ಎರಡನೆಯ ಮೆಮೊರಿಯನ್ನು ಪರೀಕ್ಷಿಸಲು ಮೇಷ್ಟ್ರೇ ಬರೆದ ಸಾಲು ಅದು. ದಿನಚರಿ ಪುಸ್ತಕದಲ್ಲಿ ಅವರದೇ ದುಂಡು ಅಕ್ಷರದಲ್ಲಿ 'ಪರೀಕ್ಷೆ ಮುಗಿದೊಡನೆ ತೆಗೆಯತಕ್ಕದ್ದು' ಎಂದೂ ಇತ್ತು.

ಅವರಿಗೆ ಮೊದಲು ನೆನಪಾದದ್ದು ವರದಿಯಲ್ಲ, ಸಭೆಯ ನಗು. ಆ ನಗು ಅಂದು ತಮಗೆ ಎಷ್ಟು ಹಿತವಾಗಿತ್ತು ಎಂಬುದು.

ಸಾಲನ್ನು ಅಳಿಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಳಿಸಲಿಲ್ಲ. ಆದರೆ ಯಾರಿಗೂ ಹೇಳಲೂ ಇಲ್ಲ. ಹೀಗೆ ಎಂಟು ದಿನ ಕಳೆದವು.

ಎಂಟನೆಯ ದಿನ ಸಂಜೆ ಒಣಗಿದ ಬಟ್ಟೆ ಮಡಿಸುತ್ತಿದ್ದ ಹೆಂಡತಿ ಕೇಳಿದಳು: "ಏನ್ರೀ, ನಮ್ಮ ಬಿಲ್ಡಿಂಗ್ ಲಿಫ್ಟ್ ಪಕ್ಕದ ಬೋರ್ಡಲ್ಲಿ ಅಷ್ಟು ದೊಡ್ಡ ತಪ್ಪಿದೆ, ಸುಮ್ನೆ ಬಂದ್ಬಿಟ್ರಲ್ಲ. ಮೈ ಹುಷಾರಾಗಿದೆ ತಾನೆ?"

ಅವರು ಎಲ್ಲವನ್ನೂ ಹೇಳಿದರು. ಆಕೆ ಕೈಯಲ್ಲಿದ್ದ ಅಂಗಿಯನ್ನು ಮಡಿಲಲ್ಲೇ ಬಿಟ್ಟು ಪೂರ್ತಿ ಕೇಳಿಸಿಕೊಂಡಳು. "ಬಾದಾಮಿ ಬಾದಾಮಿ ಅಂತೀರಲ್ಲ. ಆ ಹುಡುಗಿ ಹೆಸರೇನು?"

ಮೇಷ್ಟ್ರಿಗೆ ಥಟ್ಟನೆ ಹೊಳೆಯಲಿಲ್ಲ. ಹೆಂಡತಿ ಮತ್ತೆ ಬಟ್ಟೆ ಮಡಿಸತೊಡಗಿದಳು.

ಮರುದಿನ ಕೌಂಟರಿಗೆ ಹೋದರು. ಬೀರುವಿನ ತುಂಬ ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಬೂಟು. ಆಕೆ ಒಂದು ಕೊಡೆಗೆ ಚೀಟಿ ಕಟ್ಟುತ್ತಿದ್ದಳು. ಅವರ ಮಾತು ಮುಗಿಯುವವರೆಗೂ ದಾರವನ್ನು ಬಿಗಿಯುತ್ತಲೇ ಇದ್ದಳು.

"ಯಾವಾಗ ಗೊತ್ತಾಯ್ತು?"

"ಒಂಬತ್ತು ದಿನ ಆಯ್ತಮ್ಮ."

"ಒಂಬತ್ತು ದಿನ."

"ಕ್ಷಮಿಸಿ ಅಂತ ಕೇಳೋಣ ಅಂತ..."

"ಇಲ್ಲಿ ಬಂದವರು ಕೊಡೆ ಕೇಳ್ತಾರೆ ಸರ್. ಅವತ್ತಿನ ಮಾತು ಎಲ್ಲಿ ಆಡಿದ್ರೋ ಇದನ್ನೂ ಅಲ್ಲೇ ಹೇಳಿ. ನಾನೂ ಬರ್ತೀನಿ."

ವ್ಯವಸ್ಥಾಪಕರಿಗೆ ಇದು ರುಚಿಸಲಿಲ್ಲ. "ಮುಗಿದ ಕತೆ ಯಾಕೆ ಕೆದಕ್ತೀರಿ ಮೇಷ್ಟ್ರೇ? ಇನ್ನು ನಾಲ್ಕು ವರ್ಷ ಸುಮ್ನೆ ತಳ್ಳಿದ್ರೆ ಹಾರ ಹಾಕಿ ಕಳಿಸ್ತೀವಿ" ಎಂದರು. ಆದರೂ ಸೋಮವಾರ ಎದ್ದು ನಿಂತ ಮೇಷ್ಟ್ರನ್ನು ತಡೆಯಲಿಲ್ಲ. ಮೇಷ್ಟ್ರು ಹಳೆಯ ವರದಿಯನ್ನು ಓದಿ, ಅದರ ಯಾವ ವಾಕ್ಯ ಸುಳ್ಳು, ಅದು ಸುಳ್ಳಾದದ್ದು ಯಾರಿಂದ ಎಂಬುದನ್ನು ಬಿಡಿಸಿ ಹೇಳಿದರು. ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಪಕ್ಕದವನಿಗೆ "ಬಾದಾಮಿನೂ ಬಂದಿದ್ದಾಳೆ ನೋಡು" ಎಂದದ್ದು ಇಬ್ಬರಿಗೂ ಕೇಳಿಸಿತು.

"ಈಗ ಒಂದ್ಸಲ ಓಡಿಸಿ ನೋಡೋಣ" ಎಂದಳು ಆಕೆ.

ಕಂಪ್ಯೂಟರ್ ಕೋಣೆಗೆ ಬಂದು ಮೇಷ್ಟ್ರು ಸಹಿ ಹಾಕಿದರು. ಆಕೆ ಎರಡು ಸಾಲುಗಳನ್ನು ಸೇರಿಸಿದಳು. ಈ ಬಾರಿ ಪ್ರೋಗ್ರಾಮೇ ತನ್ನ ನಿಯಮವನ್ನು ಕೇಳಿತು. ಎರಡನೆಯ ಕಪಾಟು ಮಾತ್ರ ಎಂಬ ಉತ್ತರ ಪರದೆಯ ಮೇಲೆ ಮೂಡಿತು. "ಆ ಸಾಲು ನೀವೇ ತೆಗೀರಿ" ಎಂದು ಆಕೆ ಕುರ್ಚಿ ಬಿಟ್ಟುಕೊಟ್ಟಳು. ತೆಗೆದು ಮತ್ತೆ ಓಡಿಸಿದರು. ನೋಡಲು ಬಂದವರು ಹತ್ತು ನಿಮಿಷಕ್ಕೆಲ್ಲ ಚಹಾಕ್ಕೆ ಎದ್ದುಹೋದರು. ಇಬ್ಬರೇ ಉಳಿದರು. ನಲವತ್ತೆಂಟನೆಯ ನಿಮಿಷಕ್ಕೆ ಪಟ್ಟಿ ಮುಗಿಯಿತು.

ಗುತ್ತಿಗೆ ಇನ್ನೂ ಮೂರು ವರ್ಷವಿದೆ, ಈಗ ಏನೂ ಮಾಡಲಾಗದು ಎಂದು ವ್ಯವಸ್ಥಾಪಕರು ಫೋನಿನಲ್ಲಿ ತಿಳಿಸಿದರು. ಆಕೆ ವೇಳೆ ನಮೂದಾಗಿದ್ದ ಹಾಳೆಯನ್ನು ಮುದ್ರಿಸಿ, ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು.

"ಅಮ್ಮಂಗೆ ತೋರಿಸ್ಬೇಕು. ನೀನೇ ಏನೋ ಎಡವಟ್ಟು ಮಾಡಿರ್ತೀಯ ಅಂತ ಎರಡು ವರ್ಷದಿಂದ ಅಂತಾನೇ ಇದ್ದಾಳೆ."

ಮೇಷ್ಟ್ರು ಬಾಗಿಲು ತೆರೆದು ಹಿಡಿದರು. ಆಕೆ ಅವರ ಮುಖ ನೋಡದೆ ದಾಟಿ ಹೋದಳು. ನೋಡದಿದ್ದದ್ದು ಅವರಿಗೆ ಉಪಕಾರವೆನಿಸಿತು. ಹಾಗೆನಿಸಿದ್ದಕ್ಕೆ ಮತ್ತೆ ನಾಚಿಕೆಯಾಯಿತು.